ಜೊತೆಗೆ ಬಂದವರ ಕುರ್ಚಿ

ಅಕ್ಕಾ,

ಅದಕ್ಕೇ ನಿನ್ನೆ ಅಂದೆ, ಈ ಸಂಶೋಧನೆ ಮಾಡಿದ ಮಹಾಶಯರಲ್ಲಿ ಒಬ್ಬರಾದರೂ ಡಾಕ್ಟರ ಕೋಣೆಯಲ್ಲಿ ಎಷ್ಟು ಕುರ್ಚಿ ಇವೆ ಎಂದು ನೋಡಿಲ್ಲ ಅಂತ. ನೋಡಿದ್ದರೆ ಇಷ್ಟು ಕಾಗದ ಉಳಿಯುತ್ತಿತ್ತು. ನಿನ್ನ ಫೋಟೋದ ಮುಂದೆ ಕೂತು ಇದನ್ನೇ ಹೇಳುತ್ತಿದ್ದಾಗ ಹಾಲಿನವಳು ಬಂದಳು, ಮಾತು ಅಲ್ಲಿಗೇ ನಿಂತಿತು. ಎರಡು ವರ್ಷದಿಂದ ಫೋಟೋದ ಜೊತೆ ಮಾತಾಡಿದ್ದು ಸಾಕು. ಇವತ್ತು ಕಿಟಕಿ ಪಕ್ಕ ಕೂತು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ನಾನು ಎಲ್ಲೆಲ್ಲಿಗೋ ಹೋಗುತ್ತೇನೆ, ನಿನಗೆ ಗೊತ್ತಿರುವುದೇ. ಬರೆದರೂ ಹೋಗುತ್ತೇನೆ ಅನ್ನು. ಆದರೆ ಹೇಳಬೇಕಾದ ಒಂದು ಮಾತಿದೆ, ಅದನ್ನು ಮುಗಿಸದೆ ಏಳುವುದಿಲ್ಲ.

ಮೂರು ತಿಂಗಳ ಹಿಂದೆ ನಿನ್ನ ಮಗಳು ಸುಮಾ ನಿಟ್ಟುವಳ್ಳಿಯ ನನ್ನ ಮನೆಗೆ ಬಂದಳು, ಕಂಕುಳಲ್ಲಿ ಝೆರಾಕ್ಸಿನ ಕಟ್ಟು. ನೀನು ಹೋಗುವಾಗ ಅವಳಿಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಈಗ ದಾವಣಗೆರೆಯಲ್ಲೇ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿದ್ದಾಳೆ. ಬಂದವರ ಹತ್ತಿರ ಮನೆಯ ಸಂಗತಿ ಮಾತಾಡಿ, ಡಾಕ್ಟರಿಗೆ ಸಹಾಯ ಮಾಡುವ ಕೆಲಸ. ಮೇಲಿನ ಪರೀಕ್ಷೆಗೂ ಕಟ್ಟಿದ್ದಾಳೆ. ಅದಕ್ಕೆ ಅವಳ ಮೇಷ್ಟರು ಒಂದು ಲೇಖನ ಬರೆಯಲು ಹೇಳಿದ್ದಾರೆ. ಗಂಡನ ಕೈಲಿ ಹೊಡೆಸಿಕೊಳ್ಳುವ ಹೆಂಗಸರು ಅದನ್ನು ಮನಸ್ಸಿನ ಡಾಕ್ಟರ ಮುಂದೆ ಹೇಳುತ್ತಾರೆಯೇ, ಹೇಳದಿದ್ದರೆ ಯಾಕೆ, ಹೇಳಿದರೆ ಏನಾಗುತ್ತದೆ, ಇದರ ಮೇಲೆ ಬಂದಿರುವ ಸಂಶೋಧನೆಗಳನ್ನು ಓದಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂಗಬೇಕು.

“ಮಾವ, ನಿಮಗೆ ಇಂಗ್ಲಿಷ್ ಬರ್ತೈತಲ್ಲ. ಒಂದಿಷ್ಟು ಓದಿ ಸಾರಾಂಶ ಬರ್ದು ಕೊಡ್ರಿ” ಎಂದಳು.

“ನನ್ನ ಇಂಗ್ಲಿಷೇನವ್ವ, ಬಿಎ ಎರಡನೇ ವರ್ಷದಾಗೆ...”

“ಫೇಲಾಗಿದ್ದು ಗೊತ್ತೈತೆ. ಡಿಕ್ಷನರಿನೂ ತಂದೀನಿ.”

ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಮಿಲ್ಲು ಮುಚ್ಚಿ, ಕೈಹಿಡಿದ ಗೌರಿಯೂ ಹೋದ ಮೇಲೆ ನನ್ನನ್ನು ಯಾರು ಏನು ಕೇಳಿದ್ದಾರೆ? ಕಾಫಿ ಮಾಡಿ ತಂದೆ. ಅವಳು ಕಟ್ಟಿನ ಮೇಲಿನ ಹಾಳೆಯನ್ನು ಬೆರಳಲ್ಲಿ ತಟ್ಟುತ್ತಾ ಅಂದಳು: “ಇದರಾಗಿರೋ ಹೆಂಗಸ್ರೆಲ್ಲ ಅವ್ವನಂಗೇ ಮಾವ. ಸಾಯೋ ತನಕ ಒಬ್ರ ಮುಂದೂ ಬಾಯಿ ಬಿಡಲ್ಲ. ಓದ್ತಾ ಓದ್ತಾ ನಂಗೆ ಅಯ್ಯೋ ಅನ್ಸಲ್ಲ, ಸಿಟ್ಟು ಬರ್ತೈತೆ. ಒಂದ್ಸಲ, ಒಬ್ರಿಗೆ, ಹೇಳಿದ್ರೆ ಏನಾಗ್ತಿತ್ತು ಅವ್ವಗೆ?”

ನಾನು ಪೆನ್ಸಿಲ್ ಹುಡುಕುವವನಂತೆ ಎದ್ದು ಒಳಗೆ ಹೋದೆ. ಪೆನ್ಸಿಲ್ ಜೇಬಿನಲ್ಲೇ ಇತ್ತು.

ಆ ಮಾತು ಅಲ್ಲಿರಲಿ. ಮೊದಲು ಕಟ್ಟಿನ ಕಥೆ ಕೇಳು. ಮರುದಿನ ಬೆಳಿಗ್ಗೆಯೇ ಶುರು ಮಾಡಿದೆ. ಮೊದಲ ಪುಟದಲ್ಲೇ ‘ಡಿಸ್‌ಕ್ಲೋಷರ್’ ಎಂಬ ಪದ. ಕಾಲೇಜಿನಲ್ಲಿ ಕಲಿತಿದ್ದೆನೋ ಇಲ್ಲವೋ, ನೆನಪಿಲ್ಲ. ಡಿಕ್ಷನರಿ ನೋಡಿದರೆ ಮುಚ್ಚಿಟ್ಟದ್ದನ್ನು ಹೊರಗೆಡಹುವುದು ಎಂದಿತ್ತು. ಯಾರು ಮುಚ್ಚಿಟ್ಟದ್ದು? ಹೊಡೆದವನು ಮುಚ್ಚಿಡುತ್ತಾನೆ, ನೋಡಿದ ಅತ್ತೆ ಮುಚ್ಚಿಡುತ್ತಾಳೆ, ಗೋಡೆಯಾಚೆ ಕೇಳಿಸಿಕೊಂಡ ನೆರೆಯವರು ರೇಡಿಯೋ ಜೋರು ಮಾಡುತ್ತಾರೆ. ಹೊರಗೆಡಹಬೇಕಾದವಳು ಮಾತ್ರ ಪೆಟ್ಟು ತಿಂದವಳು. ಅಂಚಿನಲ್ಲಿ ‘ನಾನ್‌ಸೆನ್ಸ್’ ಎಂದು ಬರೆದೆ. ಸ್ಪೆಲಿಂಗ್ ಸರಿಯಿತ್ತು, ಆಮೇಲೆ ನೋಡಿಕೊಂಡೆ.

ಈ ಪಂಡಿತರು ಏನು ಕಂಡುಹಿಡಿದಿದ್ದಾರೆ ಗೊತ್ತೇ? ಕೇಳದಿದ್ದರೆ ಹೆಂಗಸರು ಹೇಳುವುದಿಲ್ಲ ಎಂದು ಕಂಡುಹಿಡಿದಿದ್ದಾರೆ. ಅದಕ್ಕೆ ಅಷ್ಟು ಜನ ಸೇರಿ, ಅಷ್ಟು ಕೋಷ್ಟಕ ಹಾಕಿ, ಕೊನೆಗೆ ಒಬ್ಬರಿಗೊಬ್ಬರು ಕೃತಜ್ಞತೆ ಬೇರೆ ಹೇಳಿಕೊಂಡಿದ್ದಾರೆ. ನಮ್ಮ ಬೀದಿಗೆ ಬರುವ ಬಳೆಗಾರನನ್ನು ಕೇಳಿದ್ದರೆ ಒಂದು ಎಲೆಗೆ ಸುಣ್ಣ ಸವರುವಷ್ಟರಲ್ಲಿ ಹೇಳುತ್ತಿದ್ದ. ಯಾವ ಮನೆಯ ಹೆಂಗಸಿನ ಯಾವ ಕೈ ಹಿಡಿದರೆ ಅವಳು ಹಲ್ಲು ಕಚ್ಚುತ್ತಾಳೆ ಎಂದು ಅವನಿಗೆ ಗೊತ್ತು. ಅವನು ಯಾವ ಕಾಲೇಜಿನಲ್ಲಿ ಓದಿದ್ದ?

ಡಾಕ್ಟರುಗಳನ್ನೂ ಕೇಳಿದ್ದಾರೆ, ನೀವು ಯಾಕೆ ಕೇಳುವುದಿಲ್ಲ ಅಂತ. ಒಬ್ಬರಿಗೆ ಸಮಯವಿಲ್ಲ. ಇನ್ನೊಬ್ಬರು ಅದು ನಮ್ಮ ಕೆಲಸವಲ್ಲ, ನಾವು ಕಾಯಿಲೆ ನೋಡುವವರು ಅನ್ನುತ್ತಾರೆ. ಹಾಗಾದರೆ ಕಾಯಿಲೆ ಎಲ್ಲಿಂದ ಬಂತಪ್ಪಾ, ಬಸ್ ಸ್ಟ್ಯಾಂಡಿನಿಂದಲೇ? ಮತ್ತೊಬ್ಬರು ಮಾತ್ರ, ಕೇಳಿ ಅವಳು ಹೌದು ಅಂದುಬಿಟ್ಟರೆ ಮುಂದೆ ಏನು ಮಾಡಬೇಕೋ ನಮಗೆ ತಿಳಿಯದು ಎಂದಿದ್ದಾರೆ. ಆ ಸಾಲಿಗೆ ಒಂದು ರೈಟು ಹಾಕಿದೆ. ಇಡೀ ಕಟ್ಟಿನಲ್ಲಿ ನನ್ನ ಕೈಯಿಂದ ರೈಟು ಬಿದ್ದದ್ದು ಅದೊಂದಕ್ಕೇ. ಉಳಿದಂತೆ, ‘ಕಂಡುಬಂದಿದೆ’, ‘ಗಮನಿಸಲಾಗಿದೆ’, ‘ಹಿಂಸೆಗೆ ಒಳಪಟ್ಟಿದ್ದಾರೆ’. ಹೊಡೆದವನು ಇಡೀ ಲೇಖನದಲ್ಲಿ ಒಂದು ಸಲವೂ ಒಳಗೆ ಬರುವುದಿಲ್ಲ, ಚಪ್ಪಲಿ ಬಿಟ್ಟು ಹೊರಗೇ ನಿಂತಿರುತ್ತಾನೆ.

ಹೆಂಗಸರ ಮಾತು ಇರುವ ಪುಟಗಳಲ್ಲಿ ಪೆನ್ಸಿಲ್ ಓಡಲಿಲ್ಲ. ನಂಬುವುದಿಲ್ಲ ಎಂಬ ಭಯ. ಮಕ್ಕಳನ್ನು ಕಿತ್ತುಕೊಳ್ಳುತ್ತಾರೆಂಬ ಭಯ. ಹುಚ್ಚಿ ಎಂದು ಚೀಟಿ ಆದ ಮೇಲೆ ನನ್ನ ಮಾತಿಗೇನು ಬೆಲೆ ಎಂಬ... ಅದನ್ನು ಓದಿ ಕಟ್ಟು ಮುಚ್ಚಿಟ್ಟು ಗಿಡಕ್ಕೆ ನೀರು ಹಾಕಿದೆ. ಬೆಳಿಗ್ಗೆ ಒಮ್ಮೆ ಹಾಕಿದ್ದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಹೊಳೆಯಿತು. ಈ ಹೆಂಗಸರನ್ನು ಕೇಳಿದಾಗ ಪಕ್ಕದಲ್ಲಿ ಯಾರು ಕೂತಿದ್ದರು? ಮತ್ತೆ ಮೊದಲಿನಿಂದ ಹುಡುಕಿದೆ. ಹೆಂಗಸಿನ ವಯಸ್ಸಿದೆ, ಓದು ಎಷ್ಟೆಂದಿದೆ, ಎಷ್ಟು ಮಕ್ಕಳೆಂದಿದೆ. ಪಕ್ಕದವರ ಸುದ್ದಿ ಎಲ್ಲೂ ಇಲ್ಲ. ಬರೆದವರ ದೇಶದಲ್ಲಿ ಹೆಂಗಸು ತಾನೇ ಬಸ್ಸು ಹತ್ತಿ ತಾನೇ ಡಾಕ್ಟರ ಹತ್ತಿರ ಹೋಗುತ್ತಾಳೇನೋ, ಅವರಿಗೆ ತೋಚಲಿಲ್ಲ. ಒಪ್ಪೋಣ. ಆದರೆ ಅದೇ ಪ್ರಶ್ನೆಗಳನ್ನು ಹಾಗೇ ಎತ್ತಿಕೊಂಡು ಬಂದು ಇಲ್ಲಿಯ ಹೆಂಗಸರನ್ನು ಕೇಳಿ, ‘ನಮ್ಮಲ್ಲಿ ಹೇಳುವ ಪ್ರವೃತ್ತಿ ಕಡಿಮೆ’ ಎಂದು ಬರೆಯುವ ನಮ್ಮ ಜಾಣರಿಗೆ? ಇಲ್ಲಿ ಯಾವ ಹೆಂಗಸು ಒಬ್ಬಳೇ ಹೋಗಿದ್ದಾಳೆ? ಗಂಡ ಬರುತ್ತಾನೆ, ಅತ್ತೆ ಬರುತ್ತಾಳೆ, ತವರಿನಿಂದ ಒಬ್ಬ ತಮ್ಮ ಬರುತ್ತಾನೆ.

ತಮ್ಮ ಬರುತ್ತಾನೆ ಎಂದು ಬರೆದು ಒಂದು ಲೋಟ ನೀರು ಕುಡಿದು ಬಂದೆ.

ಸಾರಾಂಶ ಕೊಡಲು ಆಸ್ಪತ್ರೆಗೆ ಹೋದ ದಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಡಾಕ್ಟರ ಕೋಣೆಗೆ ಬಾಗಿಲಿದೆ, ಮುಚ್ಚುವುದಿಲ್ಲ. ಪರದೆಯಿದೆ, ಎಳೆಯುವುದಿಲ್ಲ. ಸಾಲಿನಲ್ಲಿದ್ದವರೆಲ್ಲ ಒಳಗಿನ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಒಳಗೆ ಲೋಕಿಕೆರೆ ಕಡೆಯ ಗಂಡಹೆಂಡತಿ. ಡಾಕ್ಟರ ಮೇಜಿನ ಈಚೆ ಎರಡು ಕುರ್ಚಿ. ಮುಂದಿನದರಲ್ಲಿ ಗಂಡ, ಗೋಡೆ ಕಡೆಯದರಲ್ಲಿ ಅವಳು.

“ಏನಮ್ಮಾ ತೊಂದರೆ?” ಡಾಕ್ಟರು ಅವಳನ್ನೇ ನೋಡಿ ಕೇಳಿದರು. ಒಳ್ಳೆಯ ಮನುಷ್ಯ, ಇಲ್ಲವೆನ್ನಲಾರೆ.

“ನಿದ್ದಿಲ್ರಿ ಇವ್ಳಿಗೆ. ಊಟ ಸೇರಲ್ಲ. ಸುಮ್‌ಸುಮ್ನೆ ಬೆಚ್ಚಿ ಬೀಳ್ತಾಳೆ” ಎಂದ ಗಂಡ.

“ಮನೇಲಿ ಜಗಳ ಗಿಗಳ ಏನಾದ್ರೂ?”

“ಏ ಇಲ್ರಿ. ರಾಣಿ ಇದ್ದಂಗೆ ಇಟ್ಟೀನಿ. ಬೇಕಾರೆ ಅವ್ಳನ್ನೇ ಕೇಳ್ರಿ.” ಅವಳತ್ತ ತಿರುಗಿ, “ಹೇಳೇ, ಏನೈತೆ ನಿಂಗೆ?”

ಅವಳು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಾ, “ಏನಿಲ್ರಿ” ಎಂದಳು.

ಡಾಕ್ಟರು ಬರೆದುಕೊಂಡರು. ಸಂಶೋಧನೆಯವರು ಬಂದರೆ ಅವರೂ ಬರೆದುಕೊಳ್ಳುತ್ತಿದ್ದರು, ಹೇಳಲಿಲ್ಲ ಅಂತ.

ಊಟದ ಬಿಡುವಿನಲ್ಲಿ ಸುಮಾ ಹೊರಗೆ ಬಂದಾಗ ಒಂದು ಖಾಲಿ ಫಾರಂ ತೋರಿಸಿದಳು, ಪ್ರತಿ ರೋಗಿಗೂ ತುಂಬುವಂಥದ್ದು. ಹೆಸರು, ಊರು ಆದ ಮೇಲೆ ಒಂದು ಸಾಲು: ಮಾಹಿತಿ ಕೊಟ್ಟವರು ಯಾರು. ಅದರ ಕೆಳಗೆ ಇನ್ನೊಂದು: ಅವರ ಮಾತು ನಂಬಬಹುದೇ.

“ಇದಕ್ಕೆ ಏನಂತ ಬರೀತಾರೆ?” ಎಂದು ಕೇಳಿದೆ.

“ನಂಬಬಹುದು ಅಂತ.”

“ಅದು ಹೆಂಗೆ ಗೊತ್ತಾಗ್ತೈತೆ?”

“ತಡವರಿಸ್ದೆ ಹೇಳಿದ್ರೆ ಹಂಗೆ ಬರೀತಾರೆ ಮಾವ.”

“ತಡವರಿಸಿದ್ರೆ?”

“ತಡವರಿಸೋರು ಪೇಶಂಟು.”

ಅವಳು ನಗಾಡುತ್ತಾ ಅಂದದ್ದು. ನಾನು ಮತ್ತೆ ಬೆಂಚಿನ ಮೇಲೆ ಕೂತೆ. ಇಪ್ಪತ್ತಮೂರು ವರ್ಷದ ಹಿಂದೆ ನಾನು ತಡವರಿಸಿರಲಿಲ್ಲ, ಅಕ್ಕಾ. ನಿನಗೆ ಅದು ನೆನಪಿರುತ್ತದೆ. ನನಗೆ ನೆನಪಿಲ್ಲ ಎಂದು ನೀನು ತಿಳಿದಿದ್ದೆಯೋ ಏನೋ.

ಹರಿಹರದಿಂದ ದಾವಣಗೆರೆಯ ಮನಸ್ಸಿನ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಬಂದೆವು. ಭಾವ ಮುಂದೆ, ಡ್ರೈವರನ ಪಕ್ಕ ಕೂತು ಜವಳಿ ವ್ಯಾಪಾರದ ಮಾತಾಡುತ್ತಿದ್ದ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಜುಬ್ಬ. ಹರಿಹರದ ಪೇಟೆಯಲ್ಲಿ ಅವನಿಗೆ ನಮಸ್ಕಾರ ಹೇಳದೆ ಹಾದು ಹೋದವರಿಲ್ಲ. ನೀನು ಕಿಟಕಿ ಹತ್ತಿರ, ನಾನು ಪಕ್ಕದಲ್ಲಿ. ಹೊಳೆಯ ಸೇತುವೆಯ ಕಡೆ ಬೆನ್ನಾಗಿ ಬಸ್ಸು ಊರು ಬಿಟ್ಟ ಮೇಲೆ ನೀನು ಅಂದೆ:

“ಕೊಟ್ರ, ನಂಗೆ ಯಾವ ಕಾಯಿಲೆನೂ ಇಲ್ಲ. ಅಂಗಡಿ ಶೆಟರ್ ಎಳೆಯೋ ಸದ್ದು ಕೇಳಿದ್ರೆ ಕೈ ನಡುಗ್ತಾವೆ, ಅಷ್ಟೆ. ಶೆಟರ್ ಎಳೆದ ಮ್ಯಾಲೆ ಅವ್ರು ಮ್ಯಾಲಿನ ಮನೆಗೆ ಬರ್ತಾರೆ.”

ಆಮೇಲೆ ನೀನು ಸೆರಗು ಒಂದಿಷ್ಟು ಸರಿಸಿದೆ. ಬಟ್ಟೆ ಅಳೆಯುವ ಕಬ್ಬಿಣದ ಗಜಕೋಲಿನ ಗುರುತು. ಒಂದಲ್ಲ. ನಾನು ಕಿಟಕಿಯ ಆಚೆ ನೋಡಿದೆ. ನೀನು ಸೆರಗು ಸರಿಮಾಡಿಕೊಂಡು, “ಡಾಕ್ಟ್ರ ಹತ್ರ ನಾನೇ ಹೇಳ್ತೀನಿ. ನೀನು ಪಕ್ಕದಾಗೆ ಕೂತಿರು ಸಾಕು, ಧೈರ್ಯಕ್ಕೆ” ಎಂದೆ.

ಕೂತೆನಲ್ಲ, ಕೂತೆ. ಕೋಣೆಗೆ ಹೋದಾಗ ಎರಡನೆಯ ಕುರ್ಚಿಯನ್ನು ಭಾವನೇ ಎಳೆದು ಕೊಟ್ಟ. “ನೀ ಕೂಡಪ್ಪ ಕೊಟ್ರೇಶಿ. ನಿಂಗೆ ಇಂಗ್ಲಿಷ್ ಬರ್ತೈತೆ, ಡಾಕ್ಟ್ರಿಗೆ ಸರಿಯಾಗಿ ಹೇಳು.” ತಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತ. ನಮ್ಮ ಕಡೆ ಅದೊಂದು ರೋಗ ನೋಡು, ಇಂಗ್ಲಿಷ್ ಬರುವವನನ್ನು ಮುಂದೆ ಕೂರಿಸುವುದು. ತಾಲೂಕು ಕಚೇರಿಯಾಗಲಿ, ಕೋರ್ಟಾಗಲಿ, ಡಾಕ್ಟರಾಗಲಿ, ನೋವು ಯಾರದ್ದೇ ಇರಲಿ, ಮಾತು ಮಾತ್ರ ಕಾಲೇಜು ಮೆಟ್ಟಿಲು ಹತ್ತಿದವನದು. ಆ ಡಾಕ್ಟರಿಗೆ ಅಪ್ಪಟ ಕನ್ನಡ ಬರುತ್ತಿತ್ತು. “ಹೇಳಮ್ಮಾ, ಮನೆಯಲ್ಲಿ ಎಲ್ಲಾ ಹೇಗಿದೆ?” ಎಂದು ಕನ್ನಡದಲ್ಲೇ, ನಿನ್ನನ್ನೇ ಕೇಳಿದರು. ನೀನು ನೆಟ್ಟಗೆ ಕೂತು, “ಸರ್, ನಮ್ಮನೆಯವ್ರು...” ಎಂದು ಶುರು ಮಾಡಿದೆ.

ನಾನು ನಡುವೆ ಬಾಯಿ ಹಾಕಿದೆ. “ಎವ್ರಿಥಿಂಗ್ ಈಸ್ ಫೈನ್ ಸರ್. ಹರ್ ಹಸ್ಬೆಂಡ್ ಈಸ್ ಎ ವೆರಿ ಕೈಂಡ್ ಮ್ಯಾನ್. ಶೀ ಈಸ್ ಹ್ಯಾವಿಂಗ್ ಫಿಯರ್ ವಿದೌಟ್ ರೀಸನ್.”

ತಡವರಿಸದೆ. ಜೀವಮಾನದಲ್ಲಿ ನಾನು ನಿಲ್ಲದೆ ಆಡಿದ ಇಂಗ್ಲಿಷು ಅದೊಂದೇ. ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ಪಾಸಾಗುತ್ತಿದ್ದೆ.

ಯಾಕೆ ಅಂದೆ? ಮಿಲ್ಲಿನಲ್ಲಿ ಟೈಮ್‌ಕೀಪರ್ ಕೆಲಸ ಭಾವ ಹೇಳಿ ಕೊಡಿಸಿದ್ದು, ಆ ಹಂಗು ಒಂದು. ನಮ್ಮ ಮನೆ ಹೆಣ್ಣಿನ ಸಂಸಾರದ ಮಾತು ಹೊರಗಿನವರ ಮೇಜಿನ ಮೇಲೆ ಬೀಳಬಾರದು ಎಂಬ ಬಿಂಕ ಇನ್ನೊಂದು. ಇವೆರಡಕ್ಕಿಂತ ಹೀನವಾದದ್ದು ಮೂರನೆಯದು, ಇಷ್ಟು ವರ್ಷ ಅದನ್ನು ನನಗೂ ನಾನು ಹೇಳಿಕೊಂಡಿರಲಿಲ್ಲ. ಡಾಕ್ಟರ ಮುಂದೆ ನನ್ನ ಇಂಗ್ಲಿಷು ತೋರಿಸಬೇಕಿತ್ತು, ಅಕ್ಕಾ. ಬಸ್ಸಿನಿಂದಲೇ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ನೀನು ಸೆರಗು ಸರಿಸಿದಾಗಲೂ ಜೋಡಿಸುತ್ತಿದ್ದೆ.

ಡಾಕ್ಟರು ಮಾತ್ರೆ ಬರೆದರು. ಭಾವ ಹೊರಗೆ ಬಂದು ನನ್ನ ಬೆನ್ನು ತಟ್ಟಿ ಬೆಣ್ಣೆದೋಸೆ ಕೊಡಿಸಿದ. ತಿಂದೆ. ನೀನು ತಿನ್ನಲಿಲ್ಲ, ಅದಕ್ಕೂ “ನೋಡು, ಊಟ ಸೇರಲ್ಲ ಅಂದೆನಲ್ಲ” ಎಂದ. ಮಾತ್ರೆಯಿಂದ ನಿನ್ನ ನಾಲಿಗೆ ದಪ್ಪವಾಯಿತು, ನಡಿಗೆ ನಿಧಾನವಾಯಿತು. ಹೊಡೆತ ಯಾವಾಗ ನಿಂತಿತೋ, ಭಾವ ಸಾಯುವವರೆಗೂ ನಡೆಯಿತೋ, ನಾನು ಕೇಳಲಿಲ್ಲ. ಕೇಳದ ಡಾಕ್ಟರುಗಳ ಮೇಲೆ ಅಂಚಿನ ತುಂಬ ‘ನಾನ್‌ಸೆನ್ಸ್’ ಬರೆದವನು ನಾನು. ಭಾವ ಸತ್ತ ದಿನ ನೀನು ಅಳಲಿಲ್ಲ. ಜನ ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಹಾಕಿದರು.

ಆಮೇಲೆ ನಾನು ಹರಿಹರಕ್ಕೆ ಬಂದಾಗಲೆಲ್ಲ ನೀನು ಕುರ್ಚಿ ತಂದು ಹಾಕುತ್ತಿದ್ದೆ. ಯಾರಾದರೂ ನಿನ್ನನ್ನು ಏನಾದರೂ ಕೇಳಿದರೆ, ಹೇಗಿದ್ದೀರಿ, ಮಗಳು ಎಷ್ಟನೇ ಕ್ಲಾಸು, ಸಾರಿಗೆ ಉಪ್ಪು ಸಾಕೋ ಅಂತ ಕೇಳಿದರೂ, “ಕೊಟ್ರನ್ನ ಕೇಳ್ರಿ, ಅವ್ನೇ ಹೇಳ್ತಾನೆ” ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅಕ್ಕನಿಗೆ ತಮ್ಮನ ಮೇಲೆ ಎಷ್ಟು ಅಕ್ಕರೆ ಎಂದು. ಗೌರಿ ಮಾತ್ರ ಒಮ್ಮೆ ಬಸ್ಸಿನಲ್ಲಿ, “ನಿಮ್ಮಕ್ಕ ನಗ್ತಿರ್ಲಿಲ್ರಿ, ನೋಡಿದ್ರಾ?” ಎಂದಳು. ನಾನು ಎಲ್ಲಿ ನೋಡಲಿ, ಮಾತಾಡುತ್ತಿದ್ದೆ. ಅವಳು ಇರುವವರೆಗೂ ನನ್ನ ಮೇಲಿದ್ದ ದೂರು ಅದೊಂದೇ: “ಕೇಳೋರೂ ನೀವೇ, ಉತ್ತರ ಹೇಳೋರೂ ನೀವೇ. ನಾನ್ಯಾಕ ಬಾಯಿ ನೋಯಿಸ್ಕೊಳ್ಳಿ?”

ಆಸ್ಪತ್ರೆಯಲ್ಲಿ ಫಾರಂ ನೋಡಿದ ದಿನದ ಸಂಜೆ ವಿನೋಬನಗರದ ಸುಮಾಳ ಮನೆಗೆ ಹೋದೆ. ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನನ್ನ ಸಾರಾಂಶ ಅವಳಿಗೆ ಹಿಡಿಸಿತ್ತು.

“ಮಾವ, ಜೊತೆಗೆ ಬಂದೋರು ಯಾರು ಅಂತ ಎಲ್ಲೂ ಬರೆದಿಲ್ಲ ಅಂತ ಹಾಕೀರಲ್ಲ, ಇದು ನಮ್ಮ ಸರ್‌ಗೂ ಹೊಳ್ದಿಲ್ಲ. ನಿಮಗೆ ಹೆಂಗೆ ಹೊಳೀತು?”

ಮಿಲ್ಲಿನ ಅನುಭವ, ಜನರನ್ನು ನೋಡಿ ಗೊತ್ತು ಎಂದು ಏನಾದರೂ ಅಂದು ಎದ್ದು ಬರಬಹುದಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಅವಳು ಹಿಂದಿನ ತಿಂಗಳು ಅಂದ ಮಾತು ಅಡ್ಡ ಬಂತು. ಸಾಯುವವರೆಗೂ ಅವ್ವ ಒಬ್ಬರ ಮುಂದೂ ಬಾಯಿ ಬಿಡಲಿಲ್ಲ ಎಂದು ನಂಬಿಕೊಂಡು ಈ ಹುಡುಗಿ ನಿನ್ನ ಮೇಲೆ ಮುನಿಸಿಕೊಂಡೇ ಬೆಳೆದಿದ್ದಾಳೆ. ನಾನು ಸುಮ್ಮನಿದ್ದರೆ ಆ ಮುನಿಸು ಹಾಗೇ ಉಳಿಯುತ್ತದೆ. ಹೇಳಿದರೆ ನನ್ನ ಕಡೆ ತಿರುಗುತ್ತದೆ. ನನಗೆ ಉಳಿದಿರುವ ಒಂದೇ ಒಂದು ಮನೆ ಅದು, ಅಕ್ಕಾ.

“ನಿಮ್ಮವ್ವ ಹೇಳಿದ್ಲು” ಎಂದೆ. “ನಂಗೆ ಹೇಳಿದ್ಲು, ಬಸ್ನಾಗೆ. ಡಾಕ್ಟ್ರಿಗೂ ಹೇಳಾಕೆ ಬಾಯಿ ತೆಗೆದಿದ್ಲು. ನಾನು ಹೇಳಾಕೆ ಬಿಡಲಿಲ್ಲ.”

ಎಲ್ಲ ಹೇಳಿದೆ. ಗಜಕೋಲು, ಕುರ್ಚಿ, ಆ ಮೂರು ಇಂಗ್ಲಿಷ್ ವಾಕ್ಯ, ದೋಸೆ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಎಲೆ ಕಸಕ್ಕೂ ಕಡ್ಡಿ ಪಾತ್ರೆಗೂ ಹೋಗುತ್ತಿತ್ತು. ಕೇಳಿದ್ದು ಒಂದೇ ಪ್ರಶ್ನೆ.

“ಅವ್ವ ಏನಂದ್ಲು? ಅವಳು ಅಂದಂಗೇ ಹೇಳ್ರಿ. ನಿಮ್ಮ ಮಾತು ಸೇರಿಸ್‌ಬ್ಯಾಡ್ರಿ.”

ಹೇಳಿದೆ. ಶೆಟರ್ ಎಳೆಯೋ ಸದ್ದು ಕೇಳಿದ್ರೆ ಕೈ ನಡುಗ್ತಾವೆ, ಅಷ್ಟೆ. ಡಾಕ್ಟ್ರ ಹತ್ರ ನಾನೇ ಹೇಳ್ತೀನಿ. ನೀನು ಪಕ್ಕದಾಗೆ ಕೂತಿರು ಸಾಕು, ಧೈರ್ಯಕ್ಕೆ. ಅವಳು ಮತ್ತೊಮ್ಮೆ ಹೇಳಿಸಿದಳು. ಮೂರನೇ ಸಲ ಅವಳೇ ಮೆಲ್ಲಗೆ ಹೇಳಿಕೊಂಡಳು. ನಂತರ ಪಾತ್ರೆ ಎತ್ತಿಕೊಂಡು, “ಈಗ ಹೋಗ್ರಿ ಮಾವ” ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ, ಅದು ಅವಳಿಗೆ ಗೊತ್ತು.

ಎರಡು ವಾರ ಅವಳ ಸುದ್ದಿಯಿಲ್ಲ. ಎಸ್‌ಟಿಡಿ ಬೂತಿನವರೆಗೆ ಹೋಗಿ ವಾಪಸ್ಸು ಬಂದೆ. ಮೂರನೇ ವಾರ ಬಂದಳು, ಚಪ್ಪಲಿ ಬಿಡದೆ ಹೊಸಿಲಲ್ಲೇ ನಿಂತಳು. ಅವಳ ಲೇಖನ ಮೇಷ್ಟರು ನೋಡಿದ್ದರಂತೆ. ಈ ಸಂಶೋಧನೆಗಳಲ್ಲಿ ರೋಗಿಯ ಜೊತೆ ಕೋಣೆಯಲ್ಲಿದ್ದವರ ಬಗ್ಗೆ ಒಂದು ಮಾತೂ ಇಲ್ಲ, ಆದ್ದರಿಂದ ಹೆಂಗಸರು ಹೇಳುವುದಿಲ್ಲ ಎಂಬ ತೀರ್ಮಾನವನ್ನು ಒಪ್ಪಲಾಗದು, ಅವರನ್ನು ಹೇಳಲು ಬಿಟ್ಟಿದ್ದರೋ ಇಲ್ಲವೋ ಎಂಬುದೇ ತಿಳಿಯದು ಎಂದು ಬರೆದಿದ್ದಳು. ಮೇಷ್ಟರು ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಗೀಚಿದ್ದರು: ಆಧಾರ ಎಲ್ಲಿ? ಇಷ್ಟು ಕಾಗದ ಓದಿದ ಮನುಷ್ಯ, ತನ್ನ ಕೋಣೆಯ ಕುರ್ಚಿ ನೋಡಿದರೆ ಆಧಾರ ಸಿಗುತ್ತಿತ್ತು.

“ಆಧಾರ ನಾನೇ ಅಂತ ಬರಿ” ಎಂದೆ.

“ಬರ್ದೀನಿ, ಹೆಸರಿಲ್ದೆ. ಮಾಹಿತಿ ಕೊಟ್ಟವರು, ರೋಗಿಯ ತಮ್ಮ. ಕೆಳಗಿನ ಸಾಲಿಗೆ ಏನು ಹಾಕ್ಲಿ? ನಂಬಬಹುದು ಅಂತನಾ?”

“ಆವತ್ತು ನಂಬಬಾರದಾಗಿತ್ತು ಅಂತ ಹಾಕು.”

ಅವಳು ನಗಲಿಲ್ಲ. ಆದರೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಕೂತ ಮೇಲೆ ಹೇಳಿದಳು, ಮಂಗಳವಾರದ ದಿನ ಹೆಂಗಸರನ್ನು ಒಬ್ಬೊಬ್ಬರನ್ನೇ ಮೊದಲು ತಾನು ಬೇರೆ ಕೋಣೆಯಲ್ಲಿ ಮಾತಾಡಿಸುವುದಕ್ಕೆ ಡಾಕ್ಟರು ಒಪ್ಪಿದ್ದಾರಂತೆ. ಆ ಕೋಣೆಯ ಎರಡನೆಯ ಕುರ್ಚಿಯನ್ನು ಅವಳೇ ಎತ್ತಿ ಹೊರಗೆ ಹಾಕಿದ್ದಾಳೆ. ಬಾಗಿಲೂ ಮುಚ್ಚುತ್ತಾಳೆ. ತೊಂದರೆ ಒಂದೇ. ಜೊತೆಗೆ ಬಂದವರು ಬಾಗಿಲ ಹೊರಗೆ ನಿಲ್ಲುವುದಿಲ್ಲ. ಮಾತ್ರೆ ಚೀಟಿ ತೋರಿಸಬೇಕಿತ್ತು, ಬಸ್ಸಿಗೆ ಹೊತ್ತಾಯಿತು, ಅವಳಿಗೆ ಸರಿಯಾಗಿ ಹೇಳೋಕೆ ಬರಲ್ಲ ಎಂದು ಐದು ನಿಮಿಷಕ್ಕೊಮ್ಮೆ ತಲೆ ಹಾಕುತ್ತಾರೆ.

“ಅದಕ್ಕೆ ನೀವು ಬರ್ರಿ ಮಾವ. ಆ ಕುರ್ಚಿ ಮ್ಯಾಲೆ ಕೂಡ್ರಿ. ಅವ್ರನ್ನ ಮಾತಾಡಿಸ್ತಾ ಇರ್ರಿ.”

“ಏನು ಮಾತಾಡ್ಲಿ?”

“ನಿಮಗೆ ಅದನ್ನ ನಾನು ಹೇಳ್ಕೊಡ್ಬೇಕಾ?”

ಹೀಗೆ, ಅಕ್ಕಾ, ನಿನ್ನ ತಮ್ಮನಿಗೆ ಮುದಿ ವಯಸ್ಸಿನಲ್ಲಿ ಕೆಲಸ ಸಿಕ್ಕಿತು. ನಾಲ್ಕು ಮಂಗಳವಾರ ಆಯಿತು. ಒಂದು ಪೊಟ್ಟಣ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೋಗುತ್ತೇನೆ. ಬಂದ ಗಂಡಂದಿರು ಎಂಥವರು ಅಂತೀಯ! ಒಬ್ಬೊಬ್ಬನೂ ಹೆಂಡತಿಯನ್ನು ರಾಣಿಯಂತೆ ಇಟ್ಟವನೇ. ಆ ರಾಣಿಯರಿಗೆಲ್ಲ ಯಾಕಪ್ಪಾ ನಿದ್ದೆ ಬರುವುದಿಲ್ಲ ಎಂದು ಕೇಳಲು ನಾಲಿಗೆ ತುರಿಸುತ್ತದೆ. ಕೇಳುವಂತಿಲ್ಲ, ಸುಮಾಳ ಕಟ್ಟಪ್ಪಣೆ. ಕೇಳಿದರೆ ಅದರ ಬಿಸಿ ಮನೆಯಲ್ಲಿ ಆ ಹೆಂಡತಿಗೆ ತಟ್ಟುತ್ತದೆ. ಆದ್ದರಿಂದ ಮೆಣಸಿನಕಾಯಿ ಮುಂದೆ ಹಿಡಿದು, ಬೋರಿನಲ್ಲಿ ಎಷ್ಟು ಅಡಿಗೆ ನೀರು ಬಿತ್ತು ಎನ್ನುತ್ತೇನೆ. ಮಿಲ್ಲಿನಲ್ಲಿ ಸೈರನ್ ಕೆಟ್ಟ ದಿನ ಎರಡು ಪಾಳಿಯವರೂ ಒಟ್ಟಿಗೇ ಒಳಗೆ ಬಂದ ಕಥೆ ಹೇಳುತ್ತೇನೆ. ನಾಲ್ಕೂ ವಾರ ಅದೇ ಕಥೆ. ಪ್ರತಿ ವಾರ ಉದ್ದವಾಗುತ್ತಿದೆ.

ಮೊನ್ನೆ ಮಂಗಳವಾರ ಆ ಲೋಕಿಕೆರೆಯವನು ಮತ್ತೆ ಬಂದಿದ್ದ. ಹೆಂಡತಿ ಒಳಗೆ ಹೋಗಿ ಬಾಗಿಲು ಮುಚ್ಚಿದ ಕೂಡಲೇ ಶುರು ಮಾಡಿದ.

“ಏನ್ರಿ ಇದು ಹೊಸದು? ಅವ್ಳಿಗೆ ನೆಟ್ಟಗೆ ಮಾತಾಡಾಕೆ ಬರಲ್ರಿ. ನಾನಿರಬೇಕು.”

“ಕೂಡ್ರಿ ಯಜಮಾನ್ರೆ, ಕರೀತಾರೆ. ಮಂಡಕ್ಕಿ ತಗೊಳ್ರಿ.”

“ಬ್ಯಾಡ್ರಿ. ನೀವ್ಯಾರು, ಆಸ್ಪತ್ರೆಯವ್ರಾ?”

“ಅಲ್ಲಪ್ಪ. ನಾನೂ ಜೊತೆಗೆ ಬಂದೋನು.”

ಮೂರು ಸಲ ಎದ್ದ. ಮೂರು ಸಲವೂ ಮಾತು ಹಾಕಿ ಕೂರಿಸಿದೆ. ನಾಲ್ಕನೇ ಸಲ ಎದ್ದಾಗ ನನ್ನ ಕಥೆ ಮುಗಿದಿತ್ತು, ಮಂಡಕ್ಕಿಯೂ ಮುಗಿದಿತ್ತು. ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಅಲ್ಲೇ ಕೂತೆ. “ಮಂಡಿ ನೋವಪ್ಪ, ಏಳಾಕಾಗಲ್ಲ” ಎಂದೆ. ಅವನು ಹಲ್ಲು ಕಡಿದ. ನನಗೆ ಕೈ ನಡುಗುತ್ತಿತ್ತು, ಅಕ್ಕಾ, ಅಡಗಿಸಲು ಟವೆಲ್ಲಿನ ಒಳಗೆ ಇಟ್ಟುಕೊಂಡೆ. ನಿನಗೆ ಶೆಟರ್ ಸದ್ದಿಗೆ ಹೇಗಾಗುತ್ತಿತ್ತು ಎಂದು ಆಗ ಒಂದು ಕೂದಲೆಳೆಯಷ್ಟು...

ಬಾಗಿಲ ಹಿಂದಿನಿಂದ ಹೆಂಗಸಿನ ದನಿ ಕೇಳಿತು, ಸಣ್ಣದಾಗಿ, ತಡವರಿಸುತ್ತಾ, ನಿಂತು ಮತ್ತೆ ಶುರುವಾಗುತ್ತಾ. ಮಾತು ಕಿವಿಗೆ ಬೀಳುವಂತಿತ್ತು. ಕೂಡಲೇ ನಾನು ದನಿ ಎತ್ತಿ ಸೈರನ್ನಿನ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ, ಅವನಿಗೂ ಕೇಳಬಾರದು, ನನಗೂ ಕೇಳಬಾರದು ಎಂದು. ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ಸುಮಾ ಹೇಳುವುದಿಲ್ಲ. ಹೇಳಿದಷ್ಟಕ್ಕೇ ಅವಳ ಕಷ್ಟ ತೀರುತ್ತದೆ ಎಂದು ನಾನು ನಂಬುವವನೂ ಅಲ್ಲ, ಅದನ್ನು ಆ ಕಟ್ಟಿನವರಿಗೇ ಬಿಟ್ಟಿದ್ದೇನೆ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಗಂಡ, “ಏನಂದೆ?” ಎಂದ. ಸುಮಾ ಹಿಂದೆಯೇ ಬಂದು, “ಮುಂದಿನ ಮಂಗಳವಾರ ಮತ್ತೆ ಕರ್ಕೊಂಡು ಬರ್ರಿ, ಚೀಟಿಯಾಗೆ ಬರ್ದೀನಿ” ಎಂದಳು. ಆ ಹೆಂಗಸು ನಡೆಯುತ್ತಾ ಒಮ್ಮೆ ತಿರುಗಿ ಮುಚ್ಚಿದ ಆ ಬಾಗಿಲನ್ನು ನೋಡಿದಳು.

ಸುಮಾ ತನ್ನ ಮೇಜಿನ ಮೇಲೆ ನಿನ್ನ ಫೋಟೋ ಇಟ್ಟಿದ್ದಾಳೆ. ಮೊದಲು ಇರಲಿಲ್ಲ. ಅದನ್ನು ನಿನಗೆ ಹೇಳಲೆಂದೇ ಇಷ್ಟೆಲ್ಲ.

ಇನ್ನೂ ಏನೋ ಬರೆಯಬೇಕಿತ್ತು. ಆದರೆ ಅಕ್ಷರದ ಮೇಲೆ ಅಕ್ಷರ ಬೀಳುತ್ತಿದೆ. ತಲೆ ಎತ್ತಿ ನೋಡಿದರೆ ಕಿಟಕಿಯಲ್ಲಿ ಬೆಳಕೇ ಉಳಿದಿಲ್ಲ, ಎದುರು ಮನೆಯ ಗೋಡೆ ಬೂದಿಬಣ್ಣವಾಗಿದೆ. ದೀಪ ಹಾಕುವುದಿಲ್ಲ. ನಿನಗೆಂದು ಒಂದು ಕುರ್ಚಿ ಹಾಕಿದ್ದೇನೆ, ಬಾಗಿಲು ಮುಚ್ಚಿದ್ದೇನೆ. ನೀನು ಹೇಳು ಅಕ್ಕಾ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ.

ಕೊಟ್ರ